ಐರ್ಲೆಂಡಿನಲ್ಲಿ ಶಾಲೆ, ಆಸ್ಪತ್ರೆ, ಬಡವರ ಊಟ: ಎಲ್ಲದರ ಹಿಂದೆ ಚರ್ಚು ಯಾಕಿದೆ?

ಐರ್ಲೆಂಡಿಗೆ ಹೋಗಿ ನೆಲೆಸುವ ಭಾರತೀಯರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. 2022ರ ಜನಗಣತಿಯ ಹೊತ್ತಿಗೆ ಭಾರತದ ಪೌರತ್ವ ಇರುವ 45,449 ಮಂದಿ ಅಲ್ಲಿದ್ದರು. ನರ್ಸಿಂಗ್, ಸಾಫ್ಟ್‌ವೇರ್, ಉನ್ನತ ಓದು ಎಂದು ಹೋದ ಇವರಲ್ಲಿ ಕನ್ನಡದ ಮನೆಗಳೂ ಇವೆ. ಮಗುವನ್ನು ಶಾಲೆಗೆ ಸೇರಿಸುವಾಗ ಈ ಮನೆಗಳಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಶಿಕ್ಷಕರಿಗೆ ಸಂಬಳ ಕೊಡುವುದು ಸರ್ಕಾರ, ಹಾಗಿದ್ದೂ ಶಾಲೆಯ ಮೇಲಿನ ಅಧಿಕಾರ ಬಿಷಪ್ಪರದ್ದು ಹೇಗೆ? ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಗು ರಟ್ಟಿನ ಪುಟ್ಟ ಡಬ್ಬಿ ತಂದು ಇದಕ್ಕೆ ಚಿಲ್ಲರೆ ಹಾಕಬೇಕು ಅನ್ನುತ್ತದೆ, ಆ ದುಡ್ಡು ಯಾರಿಗೆ ಹೋಗುತ್ತದೆ? ಸಂಜೆ ಆರಕ್ಕೆ ಸರ್ಕಾರಿ ಟಿವಿಯಲ್ಲಿ ವಾರ್ತೆಗೆ ಮೊದಲು ಪ್ರಾರ್ಥನೆಯ ಗಂಟೆ ಯಾಕೆ ಹೊಡೆಯುತ್ತದೆ?

ಇವೆಲ್ಲಕ್ಕೂ ಬೇರು ಒಂದೇ. ಬೇರೆ ದೇಶಗಳಲ್ಲಿ ಸರ್ಕಾರ ಹೊತ್ತ ಸಮಾಜದ ಎಷ್ಟೋ ಹೊಣೆಗಳನ್ನು ಐರ್ಲೆಂಡಿನಲ್ಲಿ ನೂರೈವತ್ತು ವರ್ಷಕ್ಕೂ ಮೀರಿ ಚರ್ಚು ಹೊತ್ತಿತ್ತು. ಈ ಏರ್ಪಾಡಿನಿಂದ ಲಕ್ಷಾಂತರ ಜನ ಓದು ಕಲಿತರು, ಹಸಿದವರು ಉಂಡರು. ಇದೇ ಏರ್ಪಾಡು ಸಾವಿರಾರು ಹೆಂಗಸರು ಮತ್ತು ಮಕ್ಕಳ ಬಾಳನ್ನು ನುಂಗಿತು. ಎರಡನ್ನೂ ಒಟ್ಟಿಗೆ ನೋಡದೆ ಇವತ್ತಿನ ಐರ್ಲೆಂಡ್ ಅರ್ಥವಾಗುವುದಿಲ್ಲ.

ಮೊದಲಿಗೆ ಒಂದಿಷ್ಟು ಪರಿಚಯ

ಐರ್ಲೆಂಡ್ ಎಂಬ ದ್ವೀಪದಲ್ಲಿ ಎರಡು ಆಡಳಿತಗಳಿವೆ. ದೊಡ್ಡ ಭಾಗ ಸ್ವತಂತ್ರ ಗಣರಾಜ್ಯ, ಅದರ ರಾಜಧಾನಿ ಡಬ್ಲಿನ್. ಉತ್ತರದ ಆರು ಕೌಂಟಿಗಳು ಬ್ರಿಟನ್ನಿಗೆ ಸೇರಿವೆ, ಅಲ್ಲಿನ ಮುಖ್ಯ ನಗರ ಬೆಲ್‌ಫಾಸ್ಟ್. ಇಲ್ಲಿ ಹೇಳುತ್ತಿರುವುದು ಬಹುಪಾಲು ಗಣರಾಜ್ಯದ ಸಂಗತಿ. 2022ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 51.5 ಲಕ್ಷ. ಅವರಲ್ಲಿ ಶೇ 69ರಷ್ಟು ಜನ ತಮ್ಮನ್ನು ಕ್ಯಾಥೊಲಿಕರೆಂದು ಬರೆಸಿದರು. ಆರು ವರ್ಷ ಮೊದಲು ಈ ಪ್ರಮಾಣ ಶೇ 79 ಇತ್ತು. ಯಾವ ಧರ್ಮವೂ ಇಲ್ಲ ಎಂದವರು ಏಳು ಲಕ್ಷ ದಾಟಿದ್ದರು. ಹಿಂದೂಗಳು ಸುಮಾರು 33,000.

ಕ್ಯಾಥೊಲಿಕ್ ಚರ್ಚಿನಲ್ಲಿ ಎರಡು ಬಗೆಯ ಕವಲುಗಳಿವೆ. ಒಂದು ಊರಿನ ಲೆಕ್ಕದ್ದು: ಹಲವು ಧರ್ಮಕೇಂದ್ರಗಳು ಸೇರಿ ಒಂದು ಧರ್ಮಪ್ರಾಂತ್ಯ, ಅದಕ್ಕೊಬ್ಬ ಬಿಷಪ್. ಧರ್ಮಕೇಂದ್ರವನ್ನು, ಅಂದರೆ ಒಂದು ಚರ್ಚಿಗೆ ಸೇರಿದ ಊರುಕೇರಿಯನ್ನು, ಅಲ್ಲಿ ಪ್ಯಾರಿಷ್ ಅನ್ನುತ್ತಾರೆ. ನಿಮ್ಮ ಊರು ಯಾವುದು ಎಂದರೆ ಹಳ್ಳಿಗಾಡಿನ ಐರಿಷರು ಪ್ಯಾರಿಷ್ಷಿನ ಹೆಸರು ಹೇಳುವುದುಂಟು. ಅವರ ದೇಸಿ ಆಟಗಳಾದ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್‌ನ ಕ್ಲಬ್ಬುಗಳೂ ಬಹುಮಟ್ಟಿಗೆ ಪ್ಯಾರಿಷ್ಷಿನ ಗಡಿಯನ್ನೇ ಹಿಡಿದು ಕಟ್ಟಿದವು. ಎರಡನೆಯ ಕವಲು ಸನ್ಯಾಸಿಗಳ ಮತ್ತು ಸಿಸ್ಟರ್‌ಗಳ ಸಭೆಗಳು. ಪ್ರತಿ ಸಭೆಗೂ ತನ್ನದೇ ಆಸ್ತಿ, ತನ್ನದೇ ಮುಖ್ಯಸ್ಥರು, ತನ್ನದೇ ಕೆಲಸ. ಆಸ್ಪತ್ರೆಗಳು, ಅನಾಥಾಲಯಗಳು ಹೆಚ್ಚಾಗಿ ಈ ಸಭೆಗಳ ಕೈಯಲ್ಲಿದ್ದವು. ಮುಂದೆ ಹೊಣೆ ಯಾರದ್ದೆಂಬ ಪ್ರಶ್ನೆ ಬಂದಾಗ ಈ ಎರಡು ಕವಲುಗಳ ವ್ಯತ್ಯಾಸ ನೆನಪಿನಲ್ಲಿದ್ದರೆ ಒಳ್ಳೆಯದು.

ನಿಷೇಧದ ಕಾಲದಲ್ಲಿ ಹುಟ್ಟಿದ ಸೇವೆ

ಬ್ರಿಟಿಷ್ ಆಳ್ವಿಕೆಯಲ್ಲಿ, 17ನೆಯ ಶತಮಾನದ ಕೊನೆಯಿಂದ ಕ್ಯಾಥೊಲಿಕರ ಮೇಲೆ ಸಾಲುಸಾಲು ಕಟ್ಟಳೆಗಳು ಬಂದವು. ಅವರು ಶಾಲೆ ನಡೆಸುವಂತಿರಲಿಲ್ಲ, ಅಧಿಕಾರದ ಹುದ್ದೆಗಳು ಅವರಿಗಿಲ್ಲ, ಜಮೀನು ಕೊಳ್ಳುವುದಕ್ಕೂ ಅಡ್ಡಿ. ಇಂಥ ಹೊತ್ತಿನಲ್ಲಿ ಕಾರ್ಕ್ ನಗರದ ಸಿರಿವಂತ ಮನೆಯ ನ್ಯಾನೋ ನೇಗಲ್ ಕದ್ದುಮುಚ್ಚಿ ಬಡ ಮಕ್ಕಳಿಗೆ ಶಾಲೆ ತೆರೆದರು. 1775ರಲ್ಲಿ ಅವರು ಕಟ್ಟಿದ ಸಂಘವೇ ಮುಂದೆ ಪ್ರೆಸೆಂಟೇಷನ್ ಸಿಸ್ಟರ್‌ಗಳ ಸಭೆಯಾಯಿತು. ಆ ಸಭೆಯ ಸಿಸ್ಟರ್‌ಗಳು 1842ರಲ್ಲಿ ಮದ್ರಾಸಿಗೂ ಬಂದರು. 1802ರಲ್ಲಿ ವಾಟರ್‌ಫರ್ಡ್‌ನ ವ್ಯಾಪಾರಿ ಎಡ್ಮಂಡ್ ರೈಸ್ ಗಂಡುಮಕ್ಕಳ ಓದಿಗಾಗಿ ದುಡಿಯಲು ನಿಂತರು, ಕ್ರಿಶ್ಚಿಯನ್ ಬ್ರದರ್ಸ್ ಎಂಬ ಸಭೆ ಹುಟ್ಟಿದ್ದು ಅಲ್ಲಿಂದ. ಮೇರಿ ಏಕನ್‌ಹೆಡ್ 1834ರಲ್ಲಿ ಡಬ್ಲಿನ್ನಿನಲ್ಲಿ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆ ತೆರೆದರು. ಕ್ಯಾಥರೀನ್ ಮೆಕಾಲೆ ತಮಗೆ ಬಂದ ಆಸ್ತಿಯನ್ನು ಸುರಿದು ಬ್ಯಾಗಟ್ ಬೀದಿಯಲ್ಲಿ ಬಡ ಹೆಣ್ಣುಮಕ್ಕಳಿಗೆ ಮನೆ ಕಟ್ಟಿಸಿದರು, 1831ರಲ್ಲಿ ಮರ್ಸಿ ಸಿಸ್ಟರ್‌ಗಳ ಸಭೆ ಸ್ಥಾಪಿಸಿದರು. ಭಾರತಕ್ಕೆ ಬರುವ ಮುನ್ನ ಮದರ್ ತೆರೇಸಾ ಇಂಗ್ಲಿಷ್ ಕಲಿಯಲು 1928ರಲ್ಲಿ ತಂಗಿದ್ದ ಲೊರೆಟೊ ಮಠವೂ ಡಬ್ಲಿನ್ನಿನದೇ.

ಇವರನ್ನು ನಡೆಸಿದ ನಂಬಿಕೆ ಸರಳವಾದದ್ದು. ಹಸಿದವರಿಗೆ ಉಣಿಸಿದ್ದು, ಪರದೇಶಿಯನ್ನು ಮನೆಗೆ ಕರೆದದ್ದು, ಸೆರೆಯಲ್ಲಿದ್ದವರನ್ನು ನೋಡಹೋದದ್ದು, ಎಲ್ಲವೂ ನನಗೇ ಮಾಡಿದಂತೆ ಎಂದು ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳುತ್ತಾರೆ. ಬಡವನಿಗೆ ಮಾಡುವ ಸೇವೆ ದಯೆಯ ಹೆಚ್ಚುವರಿ ಕೆಲಸವಲ್ಲ, ಭಕ್ತಿಯೇ ಅದು ಎಂಬುದು ಇದರ ತಾತ್ಪರ್ಯ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆಗ ಕ್ವೇಕರರು ಊರೂರಿಗೆ ಹೋಗಿ ಗಂಜಿ ಕೊಪ್ಪರಿಗೆ ಇಟ್ಟರು. ಕ್ಯಾಥೊಲಿಕರೂ ಅಲ್ಲದ, ಸಂಖ್ಯೆಯಲ್ಲೂ ಬಹಳ ಚಿಕ್ಕದಾದ ಆ ಕ್ರೈಸ್ತ ಪಂಗಡದ ಹೆಸರನ್ನು ಐರಿಷರು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರ ಹಿಂದೆಯೇ ನಿಂತದ್ದೇಕೆ?

1922ರಲ್ಲಿ ಹೊಸ ರಾಷ್ಟ್ರ ಹುಟ್ಟಿದಾಗ ಬೊಕ್ಕಸ ಬರಿದಾಗಿತ್ತು. ಶಾಲೆ, ಆಸ್ಪತ್ರೆ, ಅನಾಥಾಲಯಗಳು ಆಗಲೇ ನಡೆಯುತ್ತಿದ್ದವು, ಅಲ್ಲಿ ಕಡಿಮೆ ಖರ್ಚಿನಲ್ಲಿ ದುಡಿಯುವ ಸಿಸ್ಟರ್‌ಗಳೂ ಬ್ರದರ್‌ಗಳೂ ಇದ್ದರು. ಸರ್ಕಾರಕ್ಕೆ ಅದು ಅನುಕೂಲವೇ ಆಯಿತು.

ಇದರ ಜೊತೆಗೆ ಒಂದು ವಿಚಾರವೂ ಇತ್ತು. 1891 ಮತ್ತು 1931ರಲ್ಲಿ ಪೋಪರು ಹೊರಡಿಸಿದ ಪತ್ರಗಳಲ್ಲಿ ಕಾರ್ಮಿಕರ ಹಕ್ಕು, ನ್ಯಾಯವಾದ ಕೂಲಿ, ಆಸ್ತಿಯ ಹೊಣೆಗಾರಿಕೆ ಇವುಗಳ ಬಗ್ಗೆ ಚರ್ಚಿನ ನಿಲುವು ಬಂದಿತ್ತು. ಅದರಲ್ಲೊಂದು ಸೂತ್ರ ಹೀಗಿದೆ: ಮನೆ, ಊರು, ಸಂಘಗಳು ತಾವೇ ಮಾಡಬಲ್ಲ ಕೆಲಸವನ್ನು ಸರ್ಕಾರ ಕಿತ್ತುಕೊಳ್ಳಬಾರದು. ಊರಿನ ಶಕ್ತಿಯನ್ನು ಕಾಪಾಡುವ ಮಾತು ಇದು. ಆದರೆ ಐರ್ಲೆಂಡಿನಲ್ಲಿ ಸರ್ಕಾರವನ್ನು ದೂರ ಇಡಲಿಕ್ಕೂ ಇದೇ ಮಾತು ಬಳಕೆಯಾಯಿತು. 1951ರಲ್ಲಿ ಆರೋಗ್ಯ ಸಚಿವ ನೋಯಲ್ ಬ್ರೌನ್ ತಾಯಂದಿರಿಗೆ ಮತ್ತು 16 ವರ್ಷದೊಳಗಿನ ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಆರೈಕೆ ಕೊಡುವ ಯೋಜನೆ ತಂದರು. ಬಿಷಪ್ಪರು ವಿರೋಧಿಸಿದರು, ತಮ್ಮ ಸಂಪಾದನೆಗೆ ಕುತ್ತು ಎಂದು ವೈದ್ಯರೂ ವಿರೋಧಿಸಿದರು. ಸಂಪುಟ ಸಚಿವರ ಕೈಬಿಟ್ಟಿತು, ಬ್ರೌನ್ ರಾಜೀನಾಮೆ ಕೊಟ್ಟರು. ಆ ಕಾಲದಲ್ಲಿ ಯಾರ ಮಾತು ನಡೆಯುತ್ತಿತ್ತು ಎಂದು ಹೇಳಲು ಇತಿಹಾಸಕಾರರು ಇವತ್ತಿಗೂ ಈ ಪ್ರಸಂಗವನ್ನೇ ಎತ್ತುತ್ತಾರೆ.

ಶಾಲೆಗಳ ವಿಷಯದಲ್ಲಿ ಏರ್ಪಾಡು ಹೇಗಿದೆ ಎಂದು ತಿಳಿಯಲು ನಮ್ಮ ಅನುದಾನಿತ ಶಾಲೆಯನ್ನು ನೆನೆಸಿಕೊಂಡರೆ ಸಾಕು. ಶಿಕ್ಷಕರ ಸಂಬಳ, ಪಠ್ಯಕ್ರಮ, ತಪಾಸಣೆ ಸರ್ಕಾರದ್ದು, ಶಾಲೆ ಮತ್ತು ಆಡಳಿತ ಮಂಡಳಿ ಸಂಸ್ಥೆಯದ್ದು. ಕರ್ನಾಟಕದಲ್ಲಿ ಇಂಥ ಶಾಲೆಯ ಪಕ್ಕದಲ್ಲಿ ಸರ್ಕಾರದ್ದೇ ಶಾಲೆಯೂ ಇರುತ್ತದೆ. ಐರ್ಲೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರಾಥಮಿಕ ಶಾಲೆಗಳೂ ಈ ಅನುದಾನಿತ ಮಾದರಿಯವೇ. ಒಡೆತನದ ಸಂಸ್ಥೆಯನ್ನು ಅಲ್ಲಿ ‘ಪೇಟ್ರನ್’ ಎನ್ನುತ್ತಾರೆ, ಹತ್ತರಲ್ಲಿ ಸುಮಾರು ಒಂಬತ್ತು ಶಾಲೆಗಳ ಪೇಟ್ರನ್ ಕ್ಯಾಥೊಲಿಕ್ ಚರ್ಚು.

ಮುಚ್ಚಿದ ಬಾಗಿಲುಗಳ ಹಿಂದೆ

ಬಡವರ, ಒಂಟಿಯಾದವರ ಹೊಣೆಯನ್ನೆಲ್ಲ ಒಂದೇ ಕೈಗೆ ಒಪ್ಪಿಸಿ, ಆ ಕೈಯನ್ನು ಯಾರೂ ಪ್ರಶ್ನಿಸದಿದ್ದಾಗ ಏನಾಯಿತು ಎಂಬುದು ಈ ಕಥೆಯ ಅತ್ಯಂತ ನೋವಿನ ಭಾಗ.

ಮದುವೆಯಿಲ್ಲದೆ ಬಸುರಾದ ಹೆಣ್ಣುಮಕ್ಕಳನ್ನು ಮನೆಯವರು ‘ತಾಯಿ ಮಗು ನಿಲಯ’ಗಳಿಗೆ ಸೇರಿಸುತ್ತಿದ್ದರು. ಅಲ್ಲೇ ಹೆರಿಗೆ, ಆಮೇಲೆ ಎಷ್ಟೋ ಕೂಸುಗಳು ತಾಯಿಯಿಂದ ದೂರವಾಗಿ ದತ್ತು ಹೋದವು. 18 ಸಂಸ್ಥೆಗಳನ್ನು ಪರಿಶೀಲಿಸಿದ ಸರ್ಕಾರಿ ಆಯೋಗ 2021ರ ಜನವರಿಯಲ್ಲಿ ವರದಿ ಕೊಟ್ಟಿತು: ಅಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದರು. ಆ 18ರಲ್ಲಿ ಡಬ್ಲಿನ್ನಿನ ಬೆಥನಿ ನಿಲಯ ಪ್ರೊಟೆಸ್ಟಂಟರದ್ದು, ಆದ್ದರಿಂದ ಇದನ್ನು ಒಂದೇ ಪಂಗಡದ ಮೇಲೆ ಹೊರಿಸಲಾಗದು. ಮನೆಯವರು, ಮಗುವಿನ ತಂದೆಯಂದಿರು, ಸರ್ಕಾರ, ಚರ್ಚುಗಳು, ಎಲ್ಲರ ಪಾಲೂ ಇದರಲ್ಲಿದೆ ಎಂದು ವರದಿ ಹೇಳಿತು. ಪ್ರಧಾನಿ ಮಿಹಾಲ್ ಮಾರ್ಟಿನ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಗಾಲ್ವೇ ಕೌಂಟಿಯ ಟ್ಯೂಅಮ್ ಎಂಬ ಊರಿನಲ್ಲಿ 1925ರಿಂದ 1961ರವರೆಗೆ ಇಂಥದೊಂದು ನಿಲಯವಿತ್ತು. ಆ ಭಾಗದ ಚರಿತ್ರೆ ಬರೆಯಹೊರಟ ಕ್ಯಾಥರೀನ್ ಕಾರ್ಲೆಸ್ ಎಂಬ ಗೃಹಿಣಿ ದಾಖಲೆಗಳನ್ನು ತಾವೇ ಹುಡುಕಿ, ಅಲ್ಲಿ ಸತ್ತ 796 ಮಕ್ಕಳ ಹೆಸರು ಹೊರತಂದರು. ಅವರನ್ನು ಎಲ್ಲಿ ಹೂಳಿದರು ಎಂಬುದಕ್ಕೆ ಮಾತ್ರ ದಾಖಲೆ ಇರಲಿಲ್ಲ. 2017ರಲ್ಲಿ ಆ ಜಾಗದ ನೆಲದಡಿಯಲ್ಲಿ ಕೂಸುಗಳ ಎಲುಬುಗಳು ಸಿಕ್ಕವು. ಅವನ್ನು ಹೊರತೆಗೆದು ಗುರುತಿಸುವ ಕೆಲಸ 2025ರಲ್ಲಿ ಶುರುವಾಯಿತು.

‘ಮ್ಯಾಗ್ಡಲೀನ್ ಲಾಂಡ್ರಿ’ಗಳ ಕಥೆಯೂ ಇದಕ್ಕೆ ಹೊಂದಿಕೊಂಡದ್ದು. ಸಿಸ್ಟರ್‌ಗಳು ನಡೆಸುತ್ತಿದ್ದ ಈ ಬಟ್ಟೆ ಒಗೆಯುವ ಮನೆಗಳಲ್ಲಿ 1922ರಿಂದ ಕೊನೆಯದು ಮುಚ್ಚಿದ 1996ರವರೆಗೆ ಕನಿಷ್ಠ 10,000 ಹೆಂಗಸರು ಸಂಬಳವಿಲ್ಲದೆ ದುಡಿದರು. ಕಾಲು ಭಾಗಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ಕಳಿಸಿದ್ದು ಸರ್ಕಾರದ್ದೇ ಇಲಾಖೆಗಳು. 2013ರ ಫೆಬ್ರವರಿಯಲ್ಲಿ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಗದ್ಗದಿತರಾಗಿ ಕ್ಷಮೆ ಕೋರಿದರು. ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ದೌರ್ಜನ್ಯ ಮತ್ತು ಅದನ್ನು ಮುಚ್ಚಿಟ್ಟ ರೀತಿ 2005 ಮತ್ತು 2009ರ ತನಿಖಾ ವರದಿಗಳಿಂದ ಬಯಲಾಗಿತ್ತು. ಚರ್ಚಿನ ಮೇಲಿದ್ದ ಭರವಸೆ ಕುಸಿದದ್ದು ಹೀಗೆ.

ಬೆಳಗಾವಿಯ ಸವಿತಾ

ಕರ್ನಾಟಕದ ಓದುಗರಿಗೆ ಈ ವಿಷಯ ದೂರದ್ದಲ್ಲ. ಬೆಳಗಾವಿಯ ಮನೆಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ 17 ವಾರಗಳ ಬಸುರಿ. ಗರ್ಭಪಾತವಾಗುತ್ತಿದೆ ಎಂದು ಗಾಲ್ವೇಯ ವಿಶ್ವವಿದ್ಯಾಲಯ ಆಸ್ಪತ್ರೆಗೆ ದಾಖಲಾದರು. ಮಗು ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ಗರ್ಭ ತೆಗೆದುಬಿಡಿ ಎಂದು ಕೇಳಿಕೊಂಡರೂ, ಭ್ರೂಣದ ಎದೆಬಡಿತ ಇರುವತನಕ ಆಗದು ಎಂಬ ಉತ್ತರ ಬಂತು. ನಂಜು ಏರಿ, ಅಕ್ಟೋಬರ್ 28ರಂದು 31ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ‘ಇದು ಕ್ಯಾಥೊಲಿಕ್ ದೇಶ’ ಎಂಬರ್ಥದ ಮಾತು ಹೇಳಿದ್ದಾಗಿ ಒಬ್ಬ ದಾದಿ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜನ್ನು ಹೊತ್ತಿಗೆ ಸರಿಯಾಗಿ ಗುರುತಿಸದ ವೈದ್ಯಕೀಯ ಲೋಪಗಳನ್ನೂ ತನಿಖೆ ಎತ್ತಿ ತೋರಿಸಿತು.

ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಆಸ್ಪತ್ರೆ ಯಾವ ಸಭೆಯದ್ದೂ ಅಲ್ಲ, ಸರ್ಕಾರದ್ದು. ನಂಬಿಕೆ ಅಲ್ಲಿಗೆ ಬಂದದ್ದು ಕಾನೂನಿನ ಮೂಲಕ. 1983ರಲ್ಲಿ ಜನಮತದಿಂದ ಸಂವಿಧಾನಕ್ಕೆ ಸೇರಿಸಿದ ಎಂಟನೆಯ ತಿದ್ದುಪಡಿ ತಾಯಿಗೂ ಹುಟ್ಟದ ಮಗುವಿಗೂ ಬದುಕುವ ಸಮಾನ ಹಕ್ಕು ಕೊಟ್ಟಿತ್ತು. ತಾಯಿಯ ಜೀವಕ್ಕೆ ಎಷ್ಟು ಅಪಾಯ ಬಂದರೆ ವೈದ್ಯರು ಕೈಹಾಕಬಹುದು ಎಂಬುದು ಅಸ್ಪಷ್ಟವಾಗಿಯೇ ಉಳಿದಿತ್ತು. ಸವಿತಾ ಸಾವಿನ ನಂತರ ಸಾವಿರಾರು ಜನ ಮೇಣದ ಬತ್ತಿ ಹಿಡಿದು ಬೀದಿಗಿಳಿದರು. 2018ರ ಮೇ 25ರ ಜನಮತದಲ್ಲಿ ಶೇ 66.4ರಷ್ಟು ಮತಗಳಿಂದ ಆ ತಿದ್ದುಪಡಿ ರದ್ದಾಯಿತು. ಹಾಗೆ ಮತ ಹಾಕಿದವರಲ್ಲಿ ತಮ್ಮನ್ನು ಕ್ಯಾಥೊಲಿಕರೆಂದೇ ಕರೆದುಕೊಳ್ಳುವವರೂ ಬಹಳ ಮಂದಿ ಇದ್ದರು.

ಇವತ್ತು ಬಡವರ ಮನೆಬಾಗಿಲಲ್ಲಿ

ಹಾಗಾದರೆ ನಂಬಿಕೆಯಿಂದ ಹುಟ್ಟಿದ ಸಮಾಜಸೇವೆ ಮುಗಿದುಹೋಯಿತೇ? ಇಲ್ಲ. ಅದು ಬಹುಮಟ್ಟಿಗೆ ಪಾದ್ರಿಗಳ ಕೈಯಿಂದ ಸಾಮಾನ್ಯ ಜನರ ಕೈಗೆ ದಾಟಿದೆ.

ಐರ್ಲೆಂಡಿನ ಯಾವ ಊರಿನಲ್ಲಿ ಕೇಳಿದರೂ ಎಲ್ಲರೂ ಬಲ್ಲ ಹೆಸರು ಸೇಂಟ್ ವಿನ್ಸೆಂಟ್ ದಿ ಪಾಲ್ ಸೊಸೈಟಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜನಾಮ್ ಎಂಬ ಇಪ್ಪತ್ತರ ವಿದ್ಯಾರ್ಥಿಯೂ ಗೆಳೆಯರೂ ಶುರುಮಾಡಿದ್ದು, ಐರ್ಲೆಂಡಿಗೆ ಬಂದದ್ದು 1844ರಲ್ಲಿ, ಅಂದರೆ ಕ್ಷಾಮದ ಹೊಸ್ತಿಲಲ್ಲಿ. ಇದನ್ನು ನಡೆಸುವವರು ನಿವೃತ್ತ ಮೇಷ್ಟ್ರುಗಳು, ಅಂಗಡಿಯವರು, ಗೃಹಿಣಿಯರು, ಕಾಲೇಜು ಹುಡುಗರು. ಪ್ರತಿ ಊರಲ್ಲೂ ಒಂದು ಸಣ್ಣ ಗುಂಪು. ಸಭೆ ಪ್ರಾರ್ಥನೆಯಿಂದ ಆರಂಭವಾಗುತ್ತದೆ, ಆಮೇಲೆ ನೆರವು ಕೇಳಿ ಬಂದ ಕರೆಗಳನ್ನು ಹಂಚಿಕೊಳ್ಳುತ್ತಾರೆ. ಕರೆ ಮಾಡಿದವರ ಮನೆಗೆ ಇಬ್ಬಿಬ್ಬರಾಗಿ ಹೋಗುತ್ತಾರೆ. ಕೂತು ಮಾತಾಡುತ್ತಾರೆ. ಕರೆಂಟ್ ಬಿಲ್ಲು, ಚಳಿಗಾಲದ ಸೌದೆ ಕಲ್ಲಿದ್ದಲು, ಮಕ್ಕಳ ಯೂನಿಫಾರ್ಮ್, ದಿನಸಿಯ ವೋಚರ್, ಯಾವುದು ಬೇಕೋ ಅದು. ಕೇಳಿದವರ ಧರ್ಮ ಯಾವುದೆಂಬ ಲೆಕ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಚಿಕ್ಕ ಊರಿನಲ್ಲಿ ಮರ್ಯಾದೆಗೆ ಅಂಜಿ ಕಷ್ಟ ನುಂಗಿಕೊಳ್ಳುವವರಿಗೆ ಈ ಗುಟ್ಟು ಎಷ್ಟು ಮುಖ್ಯ ಎಂದು ನಮಗೆ ಬೇರೆ ಹೇಳಬೇಕಿಲ್ಲ. ಹಣದ ಒಂದು ಭಾಗ ‘ವಿನ್ಸೆಂಟ್ಸ್’ ಹೆಸರಿನ ಹಳೆ ಬಟ್ಟೆ, ಪುಸ್ತಕ, ಪಾತ್ರೆಗಳ ಅಂಗಡಿಗಳಿಂದ ಬರುತ್ತದೆ. ಮನೆಗಳಲ್ಲಿ ಕಂಡ ಕಷ್ಟವನ್ನು ಆಧಾರವಾಗಿಟ್ಟು, ಬಜೆಟ್ಟಿಗೆ ಮುಂಚೆ ಸರ್ಕಾರಕ್ಕೆ ಬೇಡಿಕೆಗಳನ್ನೂ ಈ ಸೊಸೈಟಿ ಸಲ್ಲಿಸುತ್ತದೆ.

ಡಬ್ಲಿನ್ನಿನ ಬೋ ಬೀದಿಯಲ್ಲಿ 1969ರಲ್ಲಿ ಬ್ರದರ್ ಕೆವಿನ್ ಕ್ರೌಲಿ ಎಂಬ ಕಪುಚಿನ್ ಸನ್ಯಾಸಿ ಒಂದು ಊಟದ ಮನೆ ತೆರೆದರು. ಬೀದಿಯಲ್ಲಿ ಮಲಗುವವರಿಗೆ ಬೆಳಗಿನ ತಿಂಡಿ, ಮಧ್ಯಾಹ್ನ ಬಿಸಿ ಊಟ. ಯಾರು, ಎಲ್ಲಿಯವರು, ಯಾಕೆ ಬಂದಿರಿ ಎಂದು ಕೇಳುವುದಿಲ್ಲ. 2018ರಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ಹೋದಾಗ ಮೆಚ್ಚಿ ಮಾತಾಡಿದ್ದು, ಪ್ರಶ್ನೆ ಕೇಳದೆ ಬಡಿಸುವ ಈ ಗುಣವನ್ನೇ.

ಮನೆಯಿಲ್ಲದವರ ಸಮಸ್ಯೆ ಇವತ್ತಿನ ಐರ್ಲೆಂಡಿನ ದೊಡ್ಡ ಗಾಯ. ಬಾಡಿಗೆ ಗಗನಕ್ಕೇರಿದೆ. ಸರ್ಕಾರದ ತುರ್ತು ವಸತಿಯಲ್ಲಿರುವವರ ಸಂಖ್ಯೆ 2025ರಲ್ಲಿ 16,000 ದಾಟಿತು, ಅವರಲ್ಲಿ ಸಾವಿರಾರು ಮಕ್ಕಳು. ಈ ಕ್ಷೇತ್ರದಲ್ಲಿ ದುಡಿಯುವ ಎರಡು ದೊಡ್ಡ ಸಂಸ್ಥೆಗಳು ಹುಟ್ಟಿದ್ದು ಸನ್ಯಾಸ ಸ್ವೀಕರಿಸಿದ ಇಬ್ಬರಿಂದ. ಜೆಸ್ವಿಟ್ ಪಾದ್ರಿ ಪೀಟರ್ ಮೆಕ್‌ವೆರಿ 1983ರಲ್ಲಿ ಒಂದನ್ನು, ಸಿಸ್ಟರ್ ಸ್ಟ್ಯಾನಿಸ್ಲಾಸ್ ಕೆನಡಿ 1985ರಲ್ಲಿ ಇನ್ನೊಂದನ್ನು ಕಟ್ಟಿದರು. ಜನ ಅವರನ್ನು ಕರೆದದ್ದು ಸಿಸ್ಟರ್ ಸ್ಟ್ಯಾನ್ ಎಂದೇ. ಅವರ ಫೋಕಸ್ ಐರ್ಲೆಂಡ್ ಸಂಸ್ಥೆ, ಬೀದಿಗೆ ಬಿದ್ದ ಹೆಂಗಸರ ಮಾತನ್ನು ಕೂತು ಕೇಳಿದ್ದರಿಂದ ಬೆಳೆಯಿತು. 2001ರಲ್ಲಿ ವಲಸೆ ಬಂದವರ ಹಕ್ಕುಗಳಿಗಾಗಿ ಇಮಿಗ್ರಂಟ್ ಕೌನ್ಸಿಲ್ ಆಫ್ ಐರ್ಲೆಂಡ್ ಕಟ್ಟಿದವರೂ ಅವರೇ. ವೀಸಾ, ಕುಟುಂಬವನ್ನು ಕರೆಸಿಕೊಳ್ಳುವ ಅರ್ಜಿ, ಜನಾಂಗ ದ್ವೇಷದ ದೂರು ಇವುಗಳಿಗೆ ಈ ಕೌನ್ಸಿಲ್ಲಿನ ಬಾಗಿಲು ತಟ್ಟಬಹುದು.

ಸಾಲದ ಕಷ್ಟಕ್ಕೆ ಹುಟ್ಟಿದ್ದು ಕ್ರೆಡಿಟ್ ಯೂನಿಯನ್, ಅಂದರೆ ಪತ್ತಿನ ಸಹಕಾರ ಸಂಘ. 1950ರ ದಶಕದಲ್ಲಿ ಬಡವರಿಗೆ ಬ್ಯಾಂಕಿನ ಬಾಗಿಲು ಮುಚ್ಚಿತ್ತು, ಬಡ್ಡಿ ವ್ಯಾಪಾರಿಯ ಬಾಗಿಲು ತೆರೆದಿತ್ತು. ನೋರಾ ಹರ್ಲಿಹಿ ಎಂಬ ಶಾಲಾ ಶಿಕ್ಷಕಿ ಜೊತೆಗಾರರೊಂದಿಗೆ 1958ರಲ್ಲಿ ಮೊದಲ ಸಂಘಗಳನ್ನು ಕಟ್ಟಿಸಿದರು. ಚರ್ಚಿನ ಸಾಮಾಜಿಕ ಬೋಧನೆ ಅವರಿಗೆ ಪ್ರೇರಣೆ, ಪ್ಯಾರಿಷ್ಷಿನ ನೆರೆಹೊರೆಯೇ ಜಾಮೀನು. ಇವತ್ತು ಇಡೀ ದ್ವೀಪದಲ್ಲಿ ಸದಸ್ಯರ ಸಂಖ್ಯೆ 30 ಲಕ್ಷಕ್ಕೂ ಹೆಚ್ಚು. ಧರ್ಮ ಕೇಳುವವರಿಲ್ಲ, ಆ ಪ್ರದೇಶದಲ್ಲಿ ವಾಸವಿದ್ದರೆ ಸಾಕು.

ಇನ್ನು ಮಗು ತಂದ ರಟ್ಟಿನ ಡಬ್ಬಿ. ಅದು ಟ್ರೋಕರ ಎಂಬ ಸಂಸ್ಥೆಯದ್ದು. 1973ರಲ್ಲಿ ಐರಿಷ್ ಬಿಷಪ್ಪರು ಬಡ ದೇಶಗಳ ನೆರವಿಗೆಂದು ಇದನ್ನು ಸ್ಥಾಪಿಸಿದರು. ತಪಸ್ಸುಕಾಲದ ನಲವತ್ತು ದಿನ ಸಿಹಿಯನ್ನೋ ಇನ್ನೇನನ್ನೋ ಬಿಟ್ಟು, ಉಳಿದ ಕಾಸನ್ನು ಡಬ್ಬಿಗೆ ಹಾಕುವುದು ಪದ್ಧತಿ. ಕ್ಷಾಮದ ನೆನಪು ಇನ್ನೂ ಆರದ ದೇಶದಲ್ಲಿ ಹಸಿವಿನ ಮಾತು ಬೇಗ ನಾಟುತ್ತದೆ ಎಂಬುದು ನನ್ನ ಎಣಿಕೆ.

ಉತ್ತರದಲ್ಲೊಂದು ಕಪ್ಪು ನಿಲುವಂಗಿ

ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಎಂಬ ಗುರುತುಗಳೇ ಮೂವತ್ತು ವರ್ಷ ನೆತ್ತರು ಹರಿಸಿದವು. ಅಲ್ಲಿ ಕ್ರೈಸ್ತರಿಗೆ ಸಮಾಜಸೇವೆಯೆಂದರೆ ಮೊದಲು ಶಾಂತಿಯ ಕೆಲಸ. ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಪಾದ್ರಿ ರೇ ಡೇವಿ 1965ರಲ್ಲಿ ಸ್ಥಾಪಿಸಿದ ಕಾರಿಮೀಲಾ ಸಮುದಾಯ ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿತು. ಬೆಲ್‌ಫಾಸ್ಟಿನ ಕ್ಯಾಥೊಲಿಕ್ ಗುರು ಅಲೆಕ್ ರೀಡ್ ಗುಪ್ತ ಮಾತುಕತೆಗಳಿಗೆ ಸೇತುವೆಯಾದರು. ಆ ಹಿಂಸೆಗೆ ತೆರೆ ಎಳೆದ 1998ರ ಶುಭ ಶುಕ್ರವಾರದ ಒಪ್ಪಂದದ ಹಿಂದೆ ಇಂಥವರ ಶ್ರಮವೂ ಇದೆ. ಬೆಲ್‌ಫಾಸ್ಟಿನ ಸೇಂಟ್ ಆನ್ಸ್ ಕೆಥೀಡ್ರಲ್ಲಿನ ಮುಖ್ಯಗುರು ಕ್ರಿಸ್‌ಮಸ್ಸಿಗೆ ಮುಂಚಿನ ದಿನಗಳಲ್ಲಿ ಕಪ್ಪು ನಿಲುವಂಗಿ ತೊಟ್ಟು, ಚಳಿಯಲ್ಲಿ ಬೀದಿಬದಿ ಕಾಣಿಕೆ ಡಬ್ಬಿ ಹಿಡಿದು ನಿಲ್ಲುವ ಪದ್ಧತಿ 1976ರಿಂದ ನಡೆದು ಬಂದಿದೆ. ಬಂದ ಹಣ ಎಲ್ಲ ಸಮುದಾಯಗಳಿಗೂ ದುಡಿಯುವ ಸಂಸ್ಥೆಗಳಿಗೆ ಹೋಗುತ್ತದೆ.

ಶಾಲೆ ಆರಿಸುವ ಕನ್ನಡದ ಪೋಷಕರಿಗೆ

ಹಿಂದೆ ಸೀಟು ಕಡಿಮೆಯಿದ್ದ ಶಾಲೆಗಳು ಜ್ಞಾನಸ್ನಾನದ, ಅಂದರೆ ಕ್ರೈಸ್ತ ದೀಕ್ಷೆಯ, ಪತ್ರವಿದ್ದ ಮಕ್ಕಳಿಗೆ ಮೊದಲ ಆದ್ಯತೆ ಕೊಡಬಹುದಿತ್ತು. 2018ರ ಕಾಯ್ದೆಯಿಂದ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಲ್ಲಿ ಅದು ನಿಂತಿತು. ಧರ್ಮಬೋಧನೆಯ ತರಗತಿಯಿಂದ ಮಗುವನ್ನು ಹೊರಗಿಡುವ ಹಕ್ಕು ಸಂವಿಧಾನದಲ್ಲೇ ಇದೆ, ಆದರೆ ಆ ಹೊತ್ತಿನಲ್ಲಿ ಮಗು ಅದೇ ಕೋಣೆಯ ಹಿಂದೆ ಬೇರೆ ಪುಸ್ತಕ ಹಿಡಿದು ಕೂರುವುದೇ ಹೆಚ್ಚು. ಎಂಟರ ಆಸುಪಾಸಿನ ಮಕ್ಕಳ ತರಗತಿಯಲ್ಲಿ ಪ್ರಥಮ ಪರಮಪ್ರಸಾದದ, ಅಂದರೆ ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ ಸ್ವೀಕರಿಸುವ ವಿಧಿಯ, ಸಿದ್ಧತೆ ವರ್ಷವಿಡೀ ನಡೆಯುತ್ತದೆ. ಬಿಳಿ ಉಡುಪು, ನೆಂಟರು, ಉಡುಗೊರೆಯ ಸಂಭ್ರಮ ನೋಡಿ ತನಗಿಲ್ಲವೇ ಎಂದು ಮಗು ಕೇಳಿದರೆ, ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರುವುದು ಮೇಲು.

ಬೇರೆ ದಾರಿಯೂ ಇದೆ. 1978ರಲ್ಲಿ ಡಾಲ್ಕಿಯಲ್ಲಿ ಪೋಷಕರೇ ಆರಂಭಿಸಿದ ಶಾಲೆಯಿಂದ ಎಜುಕೇಟ್ ಟುಗೆದರ್ ಎಂಬ ಸರ್ವಧರ್ಮ ಶಾಲೆಗಳ ಜಾಲ ಬೆಳೆದಿದೆ. ಸರ್ಕಾರಿ ಶಿಕ್ಷಣ ಮಂಡಳಿಗಳ ಸಮುದಾಯ ಶಾಲೆಗಳೂ ಇವೆ. ಇಂಥ ಶಾಲೆಗಳ ಸಂಖ್ಯೆಯನ್ನು 2030ರೊಳಗೆ 400ಕ್ಕೆ ಏರಿಸುವುದು ಸರ್ಕಾರದ ಗುರಿ. ಇವು ಹೆಚ್ಚಾಗಿ ನಗರಗಳಲ್ಲಿರುವುದರಿಂದ, ಮನೆ ಬಾಡಿಗೆಗೆ ಹಿಡಿಯುವ ಮೊದಲು ಹತ್ತಿರದ ಶಾಲೆಯ ಪೇಟ್ರನ್ ಯಾರೆಂದು ನೋಡಿಕೊಳ್ಳಬೇಕು.

ಖಾಲಿ ಬೆಂಚುಗಳು, ಹೊಸ ಮುಖಗಳು

1970ರ ದಶಕದಲ್ಲಿ ಹತ್ತರಲ್ಲಿ ಒಂಬತ್ತು ಕ್ಯಾಥೊಲಿಕರು ವಾರವಾರ ಬಲಿಪೂಜೆಗೆ, ಅಂದರೆ ಚರ್ಚಿನ ಆರಾಧನೆಗೆ, ಹೋಗುತ್ತಿದ್ದರು. ಇವತ್ತು ಅದರ ಸಣ್ಣ ಪಾಲು ಮಾತ್ರ. ಪಾದ್ರಿಗಳಿಗೆ ವಯಸ್ಸಾಗಿದೆ, ಹೊಸಬರು ಬೆರಳೆಣಿಕೆ, ಮೂರ್ನಾಲ್ಕು ಪ್ಯಾರಿಷ್‌ಗಳಿಗೆ ಒಬ್ಬರೇ ಓಡಾಡುವುದೂ ಇದೆ. ಚರ್ಚಿಗೆ ಹೋಗದವರೂ ಬಿಡದ ಒಂದು ರೂಢಿಯೆಂದರೆ ಸಾವಿನ ಮನೆಗೆ ಹೋಗುವುದು. ಊರ ರೇಡಿಯೊ ಇಂದಿಗೂ ಸಾವಿನ ಸುದ್ದಿ ಓದುತ್ತದೆ. ಮೃತದೇಹವನ್ನು ಮನೆಯಲ್ಲಿ ಇರಿಸಿದ ರಾತ್ರಿ ನೆರೆಯವರು ಸ್ಯಾಂಡ್‌ವಿಚ್, ಚಹಾ ಹೊತ್ತು ತರುತ್ತಾರೆ, ಸಾಲಾಗಿ ನಿಂತು ಮನೆಯವರ ಕೈಹಿಡಿಯುತ್ತಾರೆ. ಸಹೋದ್ಯೋಗಿಯ ತಾಯಿ ತೀರಿಕೊಂಡರೆ, ಆಕೆಯನ್ನು ಎಂದೂ ನೋಡಿರದಿದ್ದರೂ ಹೋಗುವುದು ವಾಡಿಕೆ. ಅಲ್ಲಿ ಹೊಸದಾಗಿ ನೆಲೆಸಿದವರು ಹೋಗಿ ಎರಡು ನಿಮಿಷ ನಿಂತು ಬಂದರೆ ಊರು ಅದನ್ನು ಮರೆಯುವುದಿಲ್ಲ.

ಚರ್ಚಿನ ಖಾಲಿಯಾದ ಬೆಂಚುಗಳಲ್ಲಿ ಈಗ ಬ್ರೆಜಿಲ್, ಫಿಲಿಪೀನ್ಸ್, ನೈಜೀರಿಯಾ, ಪೋಲೆಂಡಿನವರು ಕೂರುತ್ತಾರೆ. ಕೇರಳದಿಂದ ಬಂದ ನರ್ಸುಗಳ ಕುಟುಂಬಗಳಿಗೆ ಹಲವು ಊರುಗಳಲ್ಲಿ ಮಲಯಾಳದಲ್ಲೇ ಪೂಜೆ ನಡೆಯುತ್ತದೆ. ಒಂದು ಕಾಲದಲ್ಲಿ ಭಾರತಕ್ಕೆ ಸಿಸ್ಟರ್‌ಗಳನ್ನೂ ಬ್ರದರ್‌ಗಳನ್ನೂ ಕಳಿಸಿದ ದೇಶದ ಆಸ್ಪತ್ರೆಗಳಲ್ಲಿ, ಅದೇ ಸಭೆಗಳು ಕಟ್ಟಿದ ವಾರ್ಡುಗಳಲ್ಲಿ, ರಾತ್ರಿ ಪಾಳಿ ಮಾಡುತ್ತಿರುವವರಲ್ಲಿ ಈಗ ಬಹಳ ಮಂದಿ ಭಾರತದವರು.